ಹಿಂದಿನ ಸೀಟಿನಿಂದ ಎರಡು ಪುಸ್ತಕ

ನನ್ನ ತಂಗಿಯ ಮಗ ಬೆಂಗಳೂರಿನಿಂದ ಬ್ಯಾಡಗಿಗೆ ಬೈಕಿನ ಮೇಲೇ ಬರುತ್ತಾನೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಮೋಟೆಬೆನ್ನೂರಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿ, ಮೆಣಸಿನಕಾಯಿ ಘಾಟಿಗೆ ಸೀನುತ್ತ ಅಂಗಳದಲ್ಲಿ ಇಳಿದವನೇ, “ದೊಡ್ಡವ್ವ, ದಾರ್ಯಾಗ ಎಲ್ಲೂ ನಿಂದ್ರಲಿಲ್ಲ ನೋಡ” ಅನ್ನುತ್ತಾನೆ. ಅವನು ಹಿಡಿದ ಚಹಾದ ಕಪ್ಪು ಮಾತ್ರ ಬಸಿಯ ಮೇಲೆ ಕಟಕಟ ಅನ್ನುತ್ತಿರುತ್ತದೆ.

ಈಗ ಅವನಿಗೆ ಮದುವೆಯಾಗಿದೆ. ದೀಪಾವಳಿಗೆ ಹೆಂಡತಿಯನ್ನೂ ಹಿಂದೆ ಕೂಡ್ರಿಸಿಕೊಂಡು ಒಂದೇ ಉಸಿರಿಗೆ ಬರುತ್ತಾನಂತೆ. ನಾನು ಬೈದದ್ದಕ್ಕೆ, “ಇವನ್ನ ಓದು, ಆಮ್ಯಾಲ ಬೈ” ಎಂದು ಎರಡು ಇಂಗ್ಲಿಷ್ ಪುಸ್ತಕ ಬಿಟ್ಟುಹೋದ. ಓದಿದೆ.

ಮೊದಲನೆಯದು ಟೆಡ್ ಸೈಮನ್‌ನ ‘ಜುಪಿಟರ್ಸ್ ಟ್ರಾವೆಲ್ಸ್’. 1973ರಲ್ಲಿ ಇಂಗ್ಲೆಂಡಿನಿಂದ ಟ್ರಯಂಫ್ ಬೈಕಿನ ಮೇಲೆ ಹೊರಟವನು ನಾಲ್ಕು ವರ್ಷದಲ್ಲಿ ಸುಮಾರು 1 ಲಕ್ಷ ಕಿಲೋಮೀಟರ್ ಸುತ್ತಿ ಬಂದ. ಹಾಲಿನ ಲೆಕ್ಕದ ಡೈರಿಯ ಹಿಂದೆ ಭಾಗಿಸಿ ನೋಡಿದೆ. ದಿನಕ್ಕೆ ಸುಮಾರು 70 ಕಿಲೋಮೀಟರ್! ಬ್ಯಾಡಗಿಯಿಂದ ಹೊರಟರೆ ಹುಬ್ಬಳ್ಳಿ ಸಹ ಮುಟ್ಟಲಿಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ಇದ್ದದ್ದೂ ಈ ಲೆಕ್ಕದಲ್ಲಿ ಸೇರಿದೆ, ನಿಜ. ಆದರೆ ಪುಸ್ತಕದಲ್ಲಿ ನನಗೆ ನೆನಪುಳಿದದ್ದು ಬೈಕು ನಿಂತಲ್ಲಿಯ ಪುಟಗಳೇ. ಬ್ರೆಜಿಲ್‌ನಲ್ಲಿ ಪೊಲೀಸರು ಸಂಶಯಪಟ್ಟು ಅವನನ್ನು ಕೂಡಿಹಾಕಿದ ಭಾಗವನ್ನು ಓದುವಾಗ ಒಲೆಯ ಮೇಲಿನ ಸಾರು ಅರ್ಧ ಬತ್ತಿತ್ತು. ನನ್ನ ತಕರಾರು ಒಂದೇ. ಬಹುಪಾಲು ದಾರಿಯಲ್ಲಿ ಇವನ ಹಿಂದೆ ಇರುವುದು ಸಾಮಾನು. ಸಾಮಾನಿಗೆ ಸೊಂಟ ನೋಯುವುದಿಲ್ಲ.

ಎರಡನೆಯದರಲ್ಲಿ ಹಿಂದೆ ಮನುಷ್ಯ ಇದ್ದಾನೆ. ರಾಬರ್ಟ್ ಪಿರ್ಸಿಗ್‌ನ ‘ಝೆನ್ ಆ್ಯಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನನ್ಸ್’, 1974ರದು. ಹನ್ನೊಂದು ವರ್ಷದ ಮಗ ಕ್ರಿಸ್‌ನನ್ನು ಹಿಂದೆ ಕೂಡ್ರಿಸಿಕೊಂಡು ಅಮೆರಿಕದ ಮಿನೆಸೋಟದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಕಥೆ. ದೊಡ್ಡ ರಸ್ತೆ ಬಿಟ್ಟು ಸಣ್ಣ ರಸ್ತೆ ಹಿಡಿಯುತ್ತಾನೆ, ಅವಸರ ಮಾಡುವುದಿಲ್ಲ; ಇದು ನನಗೆ ಹಿಡಿಸಿತು. ತತ್ವಜ್ಞಾನದ ಪುಟಗಳಲ್ಲಿ ಎರಡು ಸಲ ನಿದ್ದೆ ಬಂತು, ಸುಳ್ಳು ಹೇಳಲಾರೆ. ಇಂಜಿನ್ನಿನ ಸಣ್ಣ ಸದ್ದಿನ ವ್ಯತ್ಯಾಸವನ್ನೂ ಹಿಡಿಯುವ ಆ ಕಿವಿಗೆ ಹಿಂದೆ ಕೂತ ಹುಡುಗನ ಹೊಟ್ಟೆನೋವು, ಹಟ, ಅಳು ಅರ್ಥವಾಗುವುದಿಲ್ಲ. ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಅಪ್ಪನ ಬೆನ್ನು. ಕೊನೆಯಲ್ಲಿ ಕಾಲುಪಟ್ಟಿಯ ಮೇಲೆ ಎದ್ದು ನಿಂತಾಗ ಮೊದಲ ಸಲ ರಸ್ತೆ ಕಾಣುತ್ತದೆ. ತಾನು ಕಾಣದೆ ಹೋದದ್ದನ್ನು ಮುಚ್ಚಿಡದೆ ಬರೆದನಲ್ಲ, ಅದಕ್ಕೆ ಈ ಪುಸ್ತಕವೇ ನನ್ನ ಲೆಕ್ಕದಲ್ಲಿ ದೊಡ್ಡದು.

ಆ ಬೆನ್ನು ನನಗೆ ಗೊತ್ತು. ಒಮ್ಮೆ ಶಿರಸಿ ಮಾರಿಕಾಂಬೆಯ ಜಾತ್ರೆಗೆ ನಮ್ಮ ಮನೆಯವರ ಹಿಂದೆ, ಒಂದೇ ಕಡೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ಕೂಸು ಇಟ್ಟುಕೊಂಡು ಹೋಗಿ ಅಂದೇ ರಾತ್ರಿ ತಿರುಗಿ ಬಂದಿದ್ದೆ. ಹಾನಗಲ್ಲ ಹತ್ತಿರ ಕೂಸನ್ನು ಹಿಡಿದ ಕೈಗೆ ಜೋಮು ಹಿಡಿಯಿತು. ಗಾಳಿಯಲ್ಲಿ ಕೂಗಿದ್ದು ಅವರಿಗೆ ಕೇಳಲಿಲ್ಲ. ಕೂಸನ್ನು ಹಲ್ಲು ಕಚ್ಚಿ ಅವುಚಿಕೊಂಡು ಕೂತೆ. ಮರುದಿನ ಅವರು ಗೆಳೆಯರ ಮುಂದೆ, “ಒಂದ ದಿನದಾಗ ಹೋಗಿ ಬಂದ್ವಿ” ಅಂದರು. ನಾನು ಎರಡು ದಿನ ಸೊಂಟ ಹಿಡಿದುಕೊಂಡೇ ರೊಟ್ಟಿ ಬಡಿದೆ.

ಅಮೆರಿಕದಲ್ಲಿ ಐರನ್ ಬಟ್ ಎಂಬ ಸಂಘವಿದೆಯಂತೆ (ಕನ್ನಡದಲ್ಲಿ ಹೇಳಲು ಸಂಕೋಚ). 24 ಗಂಟೆಯಲ್ಲಿ ಸಾವಿರ ಮೈಲಿ, ಅಂದರೆ 1,600 ಕಿಲೋಮೀಟರ್ ಹೊಡೆದವರಿಗೆ ಸರ್ಟಿಫಿಕೇಟು. ನಮ್ಮ ಹುಡುಗನ ಕಣ್ಣು ಅದರ ಮೇಲೆ. ನಾನು ಪುಸ್ತಕಗಳ ಜೊತೆ ಒಂದು ಚೀಟಿ ಇಟ್ಟು ಕಳಿಸಿದೆ: ಹಿಂದೆ ಜೋಡಿ ಇದ್ದರೆ ದಿನಕ್ಕೆ ಇನ್ನೂರು ಕಿಲೋಮೀಟರ್ ಸಾಕು, ಗಂಟೆಗೊಮ್ಮೆ ಇಳಿ, ಕತ್ತಲಾದ ಮೇಲೆ ಬೇಡ, ಚಿತ್ರದುರ್ಗದಲ್ಲಿ ಉಳಿದು ಬಾ.

ರಜಾ ಇರುವುದೇ ಎರಡು ದಿನ ಎಂದು ಅವನು ಫೋನಿನಲ್ಲಿ ರೇಗಿದ. ಅರ್ಧ ತಾಸಿನ ಮೇಲೆ ಅವನ ಹೆಂಡತಿ ಬೇರೆಯಾಗಿ ಫೋನ್ ಮಾಡಿದಳು. ಚಿತ್ರದುರ್ಗದ ಕೋಟೆಯನ್ನು ತಾನು ಇನ್ನೂ ನೋಡಿಲ್ಲವೆಂದಳು.