ಫಿಲ್ಟರ್ ನೀರಿನ ಘಟಕ: ಮೆಂಬ್ರೇನಿಗೆ ಲೆಕ್ಕವಿದೆ, ಓರಿಂಗಿಗಿಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಈ ನಾಲ್ಕು ತಾಲ್ಲೂಕುಗಳಲ್ಲಿ ನದಿಗೆ ಬರವಿಲ್ಲ. ಲಕ್ಷ್ಮಣತೀರ್ಥ ಹುಣಸೂರು ಪಟ್ಟಣವನ್ನೇ ಹಾಯ್ದು ಹೋಗುತ್ತದೆ. ಪಿರಿಯಾಪಟ್ಟಣದ ಅಂಚಿನಲ್ಲಿ ಸಾಗಿ ಬಂದ ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕುತ್ತದೆ. ಕೋಟೆ ಸೀಮೆಯಲ್ಲಿ ಕಬಿನಿ, ತಾರಕ, ನುಗು ಜಲಾಶಯಗಳಿವೆ. ಆದರೂ ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಜನ ಕ್ಯಾನ್ ಹಿಡಿದು ನಿಲ್ಲುವುದು ಬೋರ್‌ವೆಲ್ ನೀರನ್ನು ಸೋಸಿ ಕೊಡುವ ‘ಶುದ್ಧ ಕುಡಿಯುವ ನೀರಿನ ಘಟಕ’ದ ಮುಂದೆ. ಗದಗ ಭಾಗದಲ್ಲಿ ಮೊದಲು ಮಾಡಿ ನೋಡಿದ ಈ ಮಾದರಿ, ಎಚ್.ಕೆ. ಪಾಟೀಲರು 2013ರಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾದ ಮೇಲೆ ರಾಜ್ಯದುದ್ದಕ್ಕೂ ಹರಡಿತು.

ಯೋಜನೆಯ ಗುಣವನ್ನು ಮೊದಲು ಒಪ್ಪಬೇಕು. ಗಂಟೆಗೆ 500 ಅಥವಾ 1000 ಲೀಟರ್ ನೀರು ಕೊಡುವ ಯಂತ್ರವೊಂದು ಊರೊಳಗೇ ಬಂತು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಬೇಳೆ ಬೇಯದ, ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ಗಡಸು ನೀರು ಕುಡಿಯುತ್ತಿದ್ದವರಿಗೆ ಇದು ಸಣ್ಣ ಅನುಕೂಲವಲ್ಲ. ಫ್ಲೋರೈಡ್, ನೈಟ್ರೇಟ್ ಇರುವ ನೀರನ್ನು ಎಷ್ಟು ಕುದಿಸಿದರೂ ಅವು ಹೋಗುವುದಿಲ್ಲ. ಅಂಥ ಕಡೆ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ ಅವನ್ನು ತೆಗೆಯಬಲ್ಲದು.

ಕೊರತೆಯಿರುವುದು ಯಂತ್ರದ ಆಯ್ಕೆಯಲ್ಲಲ್ಲ, ಅದನ್ನು ಇಟ್ಟುಕೊಳ್ಳುವ ರೀತಿಯಲ್ಲಿ. ಗಾತ್ರ ಚಿಕ್ಕದಾದರೂ ಇದು ಕಾರ್ಖಾನೆಯ ಯಂತ್ರವೇ. ಹೈ ಪ್ರೆಶರ್ ಪಂಪು ಸಾಮಾನ್ಯವಾಗಿ ಹತ್ತು ಕೆ.ಜಿ.ಯ ಆಸುಪಾಸಿನ ಒತ್ತಡದಲ್ಲಿ ನೀರನ್ನು ಮೆಂಬ್ರೇನಿಗೆ, ಅಂದರೆ ಸೋಸುವ ಪೊರೆಗೆ, ನುಗ್ಗಿಸುತ್ತದೆ. ಮೆಂಬ್ರೇನ್ ಕುಳಿತಿರುವುದು ಫೈಬರ್ ಕೊಳವೆಯೊಳಗೆ. ಸೋಸಿದ ನೀರು ಹೊರಬರುವ ನಡುನಳಿಗೆಯನ್ನೂ ಸುತ್ತಲಿನ ಉಪ್ಪು ನೀರನ್ನೂ ಬೇರ್ಪಡಿಸುವುದು ಬೆರಳಿನ ಉಂಗುರದಷ್ಟು ದೊಡ್ಡ ರಬ್ಬರ್ ಓರಿಂಗ್. ನಿರ್ವಹಣೆಯ ಮಾತು ಬಂದಾಗ ಎಲ್ಲರೂ ಮೆಂಬ್ರೇನಿನ ಬೆಲೆ ಹೇಳುತ್ತಾರೆ, ಅದಕ್ಕೆ ಅಂದಾಜು ಪಟ್ಟಿಯೂ ಇರುತ್ತದೆ. ಈ ಉಂಗುರವನ್ನು ಕೇಳುವವರಿಲ್ಲ.

ಇಂಥ ಉಂಗುರ, ಸೀಲುಗಳು ಕೆಟ್ಟಾಗ ಆಗುವ ಸೋರಿಕೆಯಲ್ಲಿ ಎರಡು ಬಗೆ. ಮೊದಲನೆಯದು ಕಣ್ಣಿಗೆ ಕಾಣುವುದು: ಪಂಪಿನ ಸೀಲಿನಿಂದ, ಯೂನಿಯನ್ನಿನಿಂದ, ಜಂಬೋ ಫಿಲ್ಟರಿನ ಬಾಯಿಂದ ತೊಟ್ಟಿಕ್ಕುವ ನೀರು. ಸೆಕೆಂಡಿಗೊಂದು ಹನಿಯಂತೆ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು. ನಷ್ಟ ನೀರಿನದ್ದಷ್ಟೇ ಅಲ್ಲ, ಆ ಉಪ್ಪು ನೀರು ಮೋಟಾರಿನ ಬೇರಿಂಗನ್ನೂ ಸ್ಟ್ಯಾಂಡಿನ ಕಬ್ಬಿಣವನ್ನೂ ತಿನ್ನುತ್ತದೆ. ಇದಕ್ಕೆ ನಮ್ಮಲ್ಲಿ ರೂಢಿಯಾದ ಮದ್ದು ಎಂ-ಸೀಲ್, ಟೆಫ್ಲಾನ್ ಟೇಪು, ಅದೂ ಸಾಲದಿದ್ದರೆ ಸೈಕಲ್ ಟ್ಯೂಬಿನ ಪಟ್ಟಿ. ಪಂಪಿನ ಸೀಲು ಹೋಗಲು ದೊಡ್ಡ ಕಾರಣ ನೀರಿಲ್ಲದೆ ಓಡುವುದು. ಬೋರ್‌ವೆಲ್ ಸೊರಗಿದಾಗ ಪಂಪನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಕೆಟ್ಟಿದ್ದರೆ, ಅದನ್ನು ಸರಿಪಡಿಸದೆ ಸೀಲನ್ನಷ್ಟೇ ಬದಲಿಸುವುದು ವ್ಯರ್ಥ ಖರ್ಚು.

ಎರಡನೆಯದು ಒಳಸೋರಿಕೆ. ಕೊಳವೆಯೊಳಗಿನ ಓರಿಂಗ್ ಸೀಳಿದರೆ ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಸೋಸದ ನೀರು ಸೋಸಿದ ನೀರಿಗೆ ಸೇರಿಕೊಳ್ಳುತ್ತದೆ. ಒಂದು ಲೆಕ್ಕ ನೋಡಿ. ಬೋರ್‌ವೆಲ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 1200, ಸೋಸಿದ ನೀರಿನದು 60 ಎಂದಿಟ್ಟುಕೊಳ್ಳೋಣ. ನೂರಕ್ಕೆ ಐದು ಪಾಲು ಹಸಿ ನೀರು ಬೆರೆತರೆ ಮೀಟರಿನಲ್ಲಿ ಕಾಣುವುದು 117. ಭಾರತೀಯ ಮಾನಕ ಅಪೇಕ್ಷಿಸುವ ಮಿತಿ 500. ಹಾಗಾಗಿ ಮೀಟರ್ ನೋಡಿದವರು ನೀರು ಚೆನ್ನಾಗಿದೆ ಎಂದೇ ಹೇಳುತ್ತಾರೆ, ಕುಡಿದವರಿಗೂ ರುಚಿಯಲ್ಲಿ ವ್ಯತ್ಯಾಸ ತಿಳಿಯದು. ಲವಣದ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಆ ಐದು ಪಾಲಿನ ಜೊತೆ ರೋಗಾಣುಗಳೂ ಮೆಂಬ್ರೇನ್ ತಪ್ಪಿಸಿಕೊಂಡು ಬರಬಹುದು. ಆಮೇಲೆ ಅವನ್ನು ತಡೆಯಲು ಉಳಿಯುವುದು ಯುವಿ ದೀಪವೊಂದೇ, ಅದು ಉರಿಯುತ್ತಿದ್ದರೆ. ಆದ್ದರಿಂದ 500 ದಾಟಿತೇ ಎಂದು ಕೇಳುವುದಕ್ಕಿಂತ ನಿನ್ನೆ 60 ಇದ್ದದ್ದು ಇಂದೇಕೆ 117 ಆಯಿತು ಎಂದು ಕೇಳಬೇಕು. ದಿನವೂ ಬರೆದಿಟ್ಟ ಪುಸ್ತಕವಿಲ್ಲದ ಘಟಕದಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಮೀಟರಿನಲ್ಲಿ ಅಂಕಿ ಏರಿದ ಕೂಡಲೇ ‘ಮೆಂಬ್ರೇನ್ ಹೋಗಿದೆ’ ಎಂದು ತೀರ್ಪು ಕೊಡುವ ಅಭ್ಯಾಸ ಇನ್ನೊಂದು ದೋಷ. ಎರಡು ಮೂರು ಕೊಳವೆಗಳಿರುವ ಘಟಕದಲ್ಲಿ ಪ್ರತಿಯೊಂದರ ನೀರನ್ನೂ ಬೇರೆ ಬೇರೆ ಹಿಡಿದು ಅಳೆಯಬೇಕು. ಎಲ್ಲದರಲ್ಲೂ ಒಂದೇ ಸಮ ಏರಿದ್ದರೆ ಮೆಂಬ್ರೇನಿನ ಮೇಲೆ ಅನುಮಾನ ಪಡಬಹುದು. ಒಂದರಲ್ಲಿ ಮಾತ್ರ ಏರಿದ್ದರೆ ಮೊದಲು ಆ ಕೊಳವೆಯ ಮುಚ್ಚಳ ಬಿಚ್ಚಿ ಓರಿಂಗ್ ನೋಡಬೇಕು. ಕೆಲವೇ ರೂಪಾಯಿಯ ರಬ್ಬರಿನಿಂದ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿಯ ಮೆಂಬ್ರೇನ್ ಬದಲಿಸಿದರೆ, ಅದನ್ನು ಕೂರಿಸುವಾಗ ಹಳೆಯ ಓರಿಂಗನ್ನೇ ಮತ್ತೆ ಹಾಕಿದರೆ, ದುಡ್ಡೂ ಹೋಯಿತು, ಸೋರಿಕೆಯೂ ಉಳಿಯಿತು.

ಕೂರಿಸುವುದರಲ್ಲೂ ನಿಯಮವಿದೆ. ಒಣ ಓರಿಂಗನ್ನು ಒತ್ತಿ ತುರುಕಿದರೆ ಅದು ಹೊರಳಿ ಸೀಳುತ್ತದೆ. ಜಾರಲೆಂದು ಗ್ರೀಸ್, ವ್ಯಾಸಲೀನ್, ಎಂಜಿನ್ ಆಯಿಲ್ ಹಚ್ಚುವವರುಂಟು. ಆರ್‌ಒ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ, ಮೆಂಬ್ರೇನಿಗೂ ಅದು ಆಗದು. ಹಚ್ಚಬೇಕಾದದ್ದು ಔಷಧಿ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್. ಮೆಂಬ್ರೇನಿನ ಹೊರಮೈಗೆ ಸುತ್ತಿದ ಬ್ರೈನ್ ಸೀಲಿನ ತುಟಿ ನೀರು ಬರುವ ದಿಕ್ಕಿಗೇ ಇರಬೇಕು. ಹಿಂದುಮುಂದಾದರೆ ನೀರು ಮೆಂಬ್ರೇನಿನೊಳಗೆ ಹೋಗುವ ಬದಲು ಅದರ ಪಕ್ಕದಲ್ಲೇ ನುಸುಳಿ ಹೋಗುತ್ತದೆ. ಒಳಗೆ ಹರಿವು ತಗ್ಗಿ ಸುಣ್ಣ ಕಟ್ಟುತ್ತದೆ, ಆಯಸ್ಸು ಮುಗಿಯುವ ಮೊದಲೇ ಮೆಂಬ್ರೇನ್ ಸಾಯುತ್ತದೆ.

ಹಳ್ಳಿಯ ಕರೆಂಟಿನ ಪಾತ್ರವೂ ಇದೆ. ಪಂಪು ಪದೇ ಪದೇ ನಿಂತು ಒಮ್ಮೆಲೇ ಶುರುವಾದರೆ ಪ್ರತಿ ಸಲವೂ ಒತ್ತಡದ ಪೆಟ್ಟು ಬಿದ್ದು ಮೆಂಬ್ರೇನ್ ಕೊಳವೆಯೊಳಗೆ ಹಿಂದೆ ಮುಂದೆ ಸರಿಯುತ್ತದೆ, ಓರಿಂಗ್ ಸವೆಯುತ್ತದೆ. ವಾಲ್ವನ್ನು ನಿಧಾನವಾಗಿ ತಿರುಗಿಸಿ ಒತ್ತಡ ಏರಿಸಿದರೆ ಈ ಪೆಟ್ಟು ತಪ್ಪುತ್ತದೆ. ಆದರೆ ಆ ಪಾಠವನ್ನು ನೀರುಗಂಟಿಗೆ ಹೇಳಿಕೊಡುವುದು ಯಾರ ಹೊಣೆ? ಘಟಕ ನಿರ್ವಹಿಸುವ ಏಜೆನ್ಸಿ ಪಂಚಾಯಿತಿಯತ್ತ ಕೈ ತೋರಿಸಿದರೆ ಪಂಚಾಯಿತಿ ಇಲಾಖೆಯತ್ತ ತೋರಿಸುತ್ತದೆ. ಮೋಟಾರು ಬಿಡುವುದು, ವಾಲ್ವ್ ತಿರುಗಿಸುವುದು, ಪೈಪು ಒಡೆದರೆ ಅಗೆಯುವುದು ಎಲ್ಲಕ್ಕೂ ಇರುವವನು ನೀರುಗಂಟಿ ಒಬ್ಬನೇ.

ಒಟ್ಟಾರೆ ನನ್ನ ತೀರ್ಮಾನವಿಷ್ಟು. ಘಟಕ ಕಟ್ಟುವುದರಲ್ಲಿ ಈ ಯೋಜನೆ ಗೆದ್ದಿದೆ, ನೋಡಿಕೊಳ್ಳುವುದರಲ್ಲಿ ಸೋತಿದೆ. ಉದ್ಘಾಟನೆಯ ಫಲಕ ಗೋಡೆಯ ಮೇಲಿದೆ, ಟಿಡಿಎಸ್ ಪುಸ್ತಕ ಇಲ್ಲ. ನದಿ ನೀರು ಸೋಸಿ ಕ್ಲೋರಿನ್ ಹಾಕಿ ಕೊಡುವ ಬಹುಗ್ರಾಮ ಯೋಜನೆ ತಲುಪುವ ಊರುಗಳಲ್ಲಿ ಆರ್‌ಒ ಬೇಕೇ ಎಂದು ನೀರು ಪರೀಕ್ಷಿಸಿ ನಿರ್ಧರಿಸಲಿ. ಬೇಕೆನಿಸಿದ ಕಡೆ ನಿರ್ವಹಣೆಯ ಕರಾರಿನಲ್ಲಿ ಮೂರು ಸಾಲು ಸೇರಿಸಲಿ: ವರ್ಷಕ್ಕೊಮ್ಮೆ, ಮತ್ತು ಮೆಂಬ್ರೇನ್ ಬಿಚ್ಚಿದಾಗಲೆಲ್ಲ, ಹೊಸ ಓರಿಂಗ್; ಕೊಳವೆವಾರು ಟಿಡಿಎಸ್ ದಿನವೂ ಗೋಡೆಯ ಮೇಲೆ; ನೀರುಗಂಟಿಗೆ ತರಬೇತಿಯ ಜೊತೆಗೆ ಒಂದು ಮೀಟರು, ಒಂದು ಡಬ್ಬಿ ಬಿಡಿ ಓರಿಂಗು. ಮುಂದಿನ ಗ್ರಾಮಸಭೆಯಲ್ಲಿ ಘಟಕದ ಮಾತು ಬಂದಾಗ, ಮೆಂಬ್ರೇನಿಗೆ ಎಷ್ಟು ಖರ್ಚಾಯಿತು ಎಂದು ಕೇಳುವ ಜೊತೆಗೆ ಓರಿಂಗ್ ಬದಲಿಸಿದ್ದು ಯಾವಾಗ ಎಂದೂ ಕೇಳಿ.