ಸೊಲ್ಲಿಗೆ ಸೊಲ್ಲು ಬೇಕು, ಶಿಳ್ಳೆ ಬೇಡ

ನಮ್ಮ ಶಿಕಾರಿಪುರ, ಸೊರಬದ ಕಡೆ ಹಿರಿಯ ಸಂಗಾತಿಗಳು ಕೂತಲ್ಲಿ ನಿಂತಲ್ಲಿ ಒಂದೇ ಮಾತು: "ಏನ್ ಹಾಡ್ರಯ್ಯಾ ಆವಾಗ! ಆ ಕಾಲ ಇನ್ನು ಬರಲ್ಲ ಬಿಡಿ." ಎಪ್ಪತ್ತು ಎಂಬತ್ತರ ದಶಕದ ದಲಿತ ಸಂಘರ್ಷ ಸಮಿತಿಯ ಹಾಡಿನ ತಂಡಗಳು, 'ಸಮುದಾಯ'ದ ಜಾಥಾಗಳು, ರಾತ್ರಿಯಿಡೀ ನಡೆದ ಸಭೆಗಳು ಅವರ ಕಣ್ಣ ಮುಂದೆ ಬರುತ್ತವೆ. ಬರಲಿ. ಆ ಹಾಡುಗಳು ಹುಟ್ಟದೇ ಹೋಗಿದ್ದರೆ ನಮ್ಮಂಥವರ ಮನೆಯಿಂದ ಒಬ್ಬರೂ ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಈ ಋಣ ನಮಗೆ ಗೊತ್ತು.

ನಮ್ಮ ತಕರಾರು ಇರುವುದು ನೆನೆಯುವ ರೀತಿಯ ಮೇಲೆ. ಹೋರಾಟಗಾರರಾಗಿದ್ದವರು ಬರಬರುತ್ತಾ ಅಭಿಮಾನಿಗಳಾಗಿದ್ದಾರೆ. ಯಾರ ಕಂಠ ದೊಡ್ಡದಿತ್ತು, ಯಾರ ಪಕ್ಕ ಯಾರು ನಿಂತಿದ್ದರು, ಯಾವ ಸಭೆಗೆ ಎಷ್ಟು ಜನ ಸೇರಿದ್ದರು ಅನ್ನೋದೇ ಚರ್ಚೆ. ಮೊಬೈಲಿನಲ್ಲಿ ಹಳೇ ಹಾಡು ಹಾಕಿ ತಲೆದೂಗಿದರೆ ಅವತ್ತಿನ ಚಳವಳಿ ಮುಗೀತು. ಅದಕ್ಕೊಂದು ಹೆಸರು ಬೇರೆ: ಸುವರ್ಣಯುಗ. ಗುಪ್ತರ ಕಾಲ ಸುವರ್ಣಯುಗ ಅಂತ ಪಾಠ ಓದಿದಾಗ "ಯಾರಿಗೆ ಸುವರ್ಣ?" ಅಂತ ಕೇಳೋದಕ್ಕೆ ನಮಗೆ ಕಲಿಸಿದ್ದೇ ಈ ಚಳವಳಿ. ಈಗ ಆ ಪ್ರಶ್ನೆಯನ್ನು ಚಳವಳಿಯ ನೆನಪಿಗೇ ಕೇಳಬೇಕಾಗಿದೆ.

ಅಭಿಮಾನ ಹಾಡಿಗೆ ಏನು ಮಾಡುತ್ತದೆ ಅನ್ನೋದಕ್ಕೆ ದೂರದ ಒಂದು ಉದಾಹರಣೆ ನೋಡೋಣ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹೆಸರನ್ನು ಕಾಲೇಜು ಓದಿದವರು ಕೇಳಿರುತ್ತೀರಿ. ಲಿವರ್‌ಪೂಲ್ ಎಂಬ ಬಂದರಿನ ನಾಲ್ಕು ಹುಡುಗರು. ಹದಿನೆಂಟನೇ ಶತಮಾನದಲ್ಲಿ ಆ ಊರು ಕೊಬ್ಬಿದ್ದೇ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸಿದ ದುಡ್ಡಿನಲ್ಲಿ. ಗುಲಾಮರ ಸಂತತಿಯವರಾದ ಅಮೆರಿಕದ ಕಪ್ಪು ಗಾಯಕರ, ಚಕ್ ಬೆರಿ, ಲಿಟಲ್ ರಿಚರ್ಡ್ ಅಂಥವರ ಹಾಡು ಕೇಳಿಯೇ ಈ ಬಿಳಿ ಹುಡುಗರು ಹಾಡು ಕಲಿತದ್ದು. ಮೊದಮೊದಲು ಇಕ್ಕಟ್ಟಾದ ನೆಲಮಾಳಿಗೆಯಲ್ಲಿ, ಕೇಳುವವರ ಉಸಿರು ತಾಗುವಷ್ಟು ಹತ್ತಿರ ನಿಂತು ಹಾಡುತ್ತಿದ್ದರು. 1965ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಮೈದಾನದಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಆ ಕಿರುಚಾಟದಲ್ಲಿ ಹಾಡುವವರಿಗೇ ತಮ್ಮ ಹಾಡು ಕೇಳಿಸದೆ ಹೋಯಿತು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಅವರು ಊರೂರು ತಿರುಗುವುದನ್ನೇ ಬಿಟ್ಟರು. 1970ರಲ್ಲಿ ತಂಡ ಒಡೆಯಿತು. ಅವತ್ತು ಕಿರುಚಿದವರು ಇವತ್ತು ಮುದುಕರಾಗಿ, ಆ ಕಾಲದಂಥ ಕಾಲ ಉಂಟೇ ಅಂತ ಕೊರಗುತ್ತಾರೆ. ಅವರು ಹುಡುಕುತ್ತಿರುವುದು ತಮ್ಮ ಹರೆಯವನ್ನು. ಹಾಡು ಒಂದು ನೆಪ.

ಆದರೆ ಆ ತಂಡದ ಚರಿತ್ರೆಯಲ್ಲಿ ನಮಗೆ ದೊಡ್ಡದಾಗಿ ಕಾಣುವ ದಿನವೊಂದಿದೆ. 1964ರ ಸೆಪ್ಟೆಂಬರ್ 11ರಂದು ಅಮೆರಿಕದ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಅವರ ಹಾಡುಗಾರಿಕೆ ಇತ್ತು. ಕಪ್ಪು ಜನರನ್ನು ಬೇರೆ ಕೂರಿಸುವುದಾದರೆ ನಾವು ಹಾಡಲ್ಲ ಅಂದರು. ಕೊನೆಗೆ ಎಲ್ಲರೂ ಒಟ್ಟಿಗೇ ಕೂತು ಕೇಳಿದರು. ಯಾವ ಹಾಡಿಗೇ ಆಗಲಿ, ಯಾವ ಕಾಲಕ್ಕೇ ಆಗಲಿ ಕೇಳಬೇಕಾದ ಪ್ರಶ್ನೆ ಇದು: ಕೇಳುವವನು ಎಲ್ಲಿ ಕೂತಿದ್ದಾನೆ?

ಈಗ ನಮ್ಮ ಹಾಡಿಗೆ ಬರೋಣ. 1970ರ ದಶಕದ ನಡುವೆ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ಸಂಘರ್ಷ ಸಮಿತಿ ತಲೆಯೆತ್ತಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಬೈಗುಳವಾಗಿದ್ದ ಜಾತಿಯ ಹೆಸರನ್ನು ಪುಸ್ತಕದ ನೆತ್ತಿಯ ಮೇಲೇ ಬರೆದದ್ದು ಅದರ ಮೊದಲ ಏಟು. ಎರಡನೆಯದು ಹಾಡಿನ ಕಟ್ಟು. ಚಳವಳಿಯ ಹಾಡಿಗೆ ಸಣ್ಣ ಸಾಲು ಬೇಕಿತ್ತು, ಬಾಯಿಗೆ ಬರುವ ಮಾತು ಬೇಕಿತ್ತು, ಮರಳಿ ಬರುವ ಪಲ್ಲವಿ ಬೇಕಿತ್ತು. ನಮ್ಮ ಅವ್ವಂದಿರು ಗದ್ದೆಯಲ್ಲಿ ನಾಟಿ ಮಾಡುವಾಗ ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ಹಿಡಿಯುತ್ತಿದ್ದ ರೀತಿಯೇ ಇದು. ಅಕ್ಷರ ಬಾರದವನೂ ಎರಡನೇ ಸಲಕ್ಕೆ ಹಾಡುಗಾರನಾಗುತ್ತಿದ್ದ. ಅಂದರೆ ಆ ಹಾಡು ಅರ್ಧ ಮಾತ್ರ ವೇದಿಕೆಯ ಮೇಲಿತ್ತು, ಇನ್ನರ್ಧ ಜನರ ಬಾಯಲ್ಲಿತ್ತು. ಅಭಿಮಾನಿ ಬಾಯಿ ಮುಚ್ಚಿ ಕೇಳುತ್ತಾನೆ, ಇಲ್ಲವೇ ಶಿಳ್ಳೆ ಹೊಡೆಯುತ್ತಾನೆ. ಎರಡರಿಂದಲೂ ಆ ಇನ್ನರ್ಧ ಸತ್ತುಹೋಗುತ್ತದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮನಿಗೂ ಹೀಗೇ ಆಯ್ತು. ಹರಿಹರ ಕಂಡ ಅಲ್ಲಮ ಮದ್ದಳೆ ಬಾರಿಸುವವನು. ಅವನನ್ನು ಶೂನ್ಯ ಸಿಂಹಾಸನದ ಮೇಲೆ ಕೂರಿಸಿದವರು ಕೈಯಲ್ಲಿದ್ದ ಮದ್ದಳೆಯನ್ನು ಕೆಳಗಿಳಿಸಿದರು. ಪೀಠ ಕೊಡುವುದೂ ಬಾಯಿ ಮುಚ್ಚಿಸುವ ಒಂದು ವಿಧಾನ.

ಇನ್ನು ಸೊರಬ ತಾಲ್ಲೂಕಿನ ಚಂದ್ರಗುತ್ತಿ. ಆ ಕಾಲ ಚಿನ್ನದಂಥದ್ದು ಅನ್ನುವವರು 1986ರ ಮಾರ್ಚ್ ತಿಂಗಳನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆ? ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಸೇವೆಯ ಹೆಸರಲ್ಲಿ ಬೆತ್ತಲಾಗುತ್ತಿದ್ದವರಲ್ಲಿ ಹೆಚ್ಚಿನವರು ದಲಿತರ, ಹಿಂದುಳಿದವರ ಮನೆಯ ಹೆಂಗಸರು. ತಡೆಯಲು ಹೋದ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನು ಗುಂಪು ಹೊಡೆಯಿತು, ಬಟ್ಟೆ ಕಿತ್ತು ಬೆತ್ತಲೆ ನಡೆಸಿತು. ಪೊಲೀಸರನ್ನೂ ಬಿಡಲಿಲ್ಲ, ಹೆಣ್ಣು ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಹಾಡುಗಳ ಹರೆಯದ ಕಾಲ ಅಂದರೆ ಇದೂ ಸೇರಿ. ಚಪ್ಪಾಳೆಯ ನೆನಪು ಉಳಿದು ಏಟಿನ ನೆನಪು ಹೋಯ್ತು ಅಂದ್ರೆ, ಆ ನೆನಪು ಯಾರ ಪರವಾಗಿ ಕೆಲಸ ಮಾಡ್ತಾ ಇದೆ ಅಂತ ಯೋಚಿಸಿ.

2021ರಲ್ಲಿ ತೀರಿಹೋದ ಸಿದ್ಧಲಿಂಗಯ್ಯನವರಿಗೂ ತಮಟೆಯ ಮುನಿವೆಂಕಟಪ್ಪನವರಿಗೂ ಪದ್ಮಶ್ರೀ ಬಂತು. ಸಂತೋಷ. ನಮ್ಮವರ ಚರ್ಮವಾದ್ಯ ದೆಹಲಿಯವರೆಗೆ ಹೋಯಿತು. ಆದರೆ ಅದೇ ವಾದ್ಯವನ್ನು ಊರಿನ ಹೆಣಕ್ಕೆ, ಊರಿನ ಜಾತ್ರೆಗೆ ಬಿಟ್ಟಿಯಾಗಿ ಬಡಿಯುವವನು ಎಲ್ಲಿ ನಿಂತಿದ್ದಾನೆ? ಅವನ ಎಲೆ ಯಾವ ಪಂಕ್ತಿಯಲ್ಲಿ ಬೀಳುತ್ತದೆ? ವೇದಿಕೆಯ ಮೇಲೆ ಹಲಗೆಗೆ ಹಾರ ಹಾಕಿ, ಊರೊಳಗೆ ಹಲಗೆಯವನನ್ನು ಹೊರಗೆ ನಿಲ್ಲಿಸುವುದನ್ನು ಕಲಾಭಿಮಾನ ಅಂತ ಕರೆಯೋಕೆ ನಮ್ಮಿಂದಾಗಲ್ಲ. ಬಡಿಯುವುದಿಲ್ಲ ಅಂತ ಹಲಗೆ ಕೆಳಗಿಟ್ಟವನ ಮೌನವೂ ನಮಗೆ ಚಳವಳಿಯ ಹಾಡೇ.

ಹಿರಿಯರೇ, ನಿಮ್ಮ ಹತ್ತಿರ ನಮಗೆ ಬೇಕಾದದ್ದು ಇದೆ. ಯಾವ ಹಾಡನ್ನು ಯಾವ ಊರಲ್ಲಿ, ಯಾರ ಹೊಲಕ್ಕಾಗಿ, ಯಾರ ಬಾವಿಯ ನೀರಿಗಾಗಿ ಹಾಡಿದಿರಿ ಅಂತ ಹೇಳಿ, ಬರೆದುಕೊಳ್ಳುತ್ತೇವೆ. ಆ ಹೊಲ ಈಗ ಯಾರ ಹೆಸರಲ್ಲಿದೆ, ಆ ಬಾವಿಗೆ ಈಗ ಯಾರು ಇಳಿಯುತ್ತಾರೆ ಅನ್ನೋದನ್ನೂ ಹೇಳಿ. ಹಾಸ್ಟೆಲಿನ ಹುಡುಗ ಹುಡುಗಿಯರ ಹತ್ತಿರ, ಶುಂಠಿ ಹೊಲದ ಕೂಲಿಯವರ ಹತ್ತಿರ ಬನ್ನಿ. ವೇದಿಕೆ ಬೇಡ, ಮೈಕೂ ಬೇಡ. ಒಂದು ಸೊಲ್ಲು ಎತ್ತಿಕೊಟ್ಟು ಸುಮ್ಮನೆ ನಿಲ್ಲಿ. ಎರಡನೇ ಸೊಲ್ಲು ನಮ್ಮದು. ಅದು ನಿಮ್ಮ ಹಳೇ ಮಟ್ಟಿನಲ್ಲಿ ಇರದೇ ಹೋಗಬಹುದು, ಕಿವಿಗೆ ಒರಟಾಗಿಯೂ ಕೇಳಬಹುದು. ನೀವು ಮೊದಲು ಹಾಡಿದಾಗಲೂ ಊರಿನ ದೊಡ್ಡವರಿಗೆ ಹಾಗೇ ಕೇಳಿಸಿತ್ತು.