‘ಉತ್ಕರ್ಷಣನಿರೋಧಕ’ ಪದವಿಚಾರ

ಆಡು-ಕುರಿಗಳ ಸಂತಾನಶಕ್ತಿಯನ್ನು ಕುರಿತ ಕನ್ನಡ ಬರಹಗಳಲ್ಲಿ ‘ಇ’ ಜೀವಸತ್ವ, ಸೆಲೆನಿಯಂ ಮೊದಲಾದ ಪೂರಕದ್ರವ್ಯಗಳಿಗೆ ‘ಉತ್ಕರ್ಷಣನಿರೋಧಕ’ವೆಂಬ ಹೆಸರು ರೂಢವಾಗಿದೆ. ಈ ಪದವು ಅರ್ಥಕ್ಕೆ ಒಪ್ಪುವುದೇ ಎಂಬುದು ವಿಚಾರ್ಯವು.

ಸಂಸ್ಕೃತದಲ್ಲಿ ಉತ್ಕರ್ಷಣವೆಂದರೆ ಮೇಲಕ್ಕೆ ಸೆಳೆಯುವುದು, ಉತ್ಕರ್ಷವೆಂದರೆ ಏಳಿಗೆ. ಆದರೂ ರಸಾಯನಶಾಸ್ತ್ರದಲ್ಲಿ ಆ ಪೂರ್ವಪದವು ಪಾರಿಭಾಷಿಕವಾಗಿ ನೆಲೆಗೊಂಡಿರುವುದರಿಂದ ಅದನ್ನು ಕದಲಿಸುವುದು ಉಚಿತವಲ್ಲ. ದೋಷವಿರುವುದು ಉತ್ತರಪದದಲ್ಲಿ. ‘ಗರ್ಭನಿರೋಧಕ’ವೆಂಬ ಮಾತನ್ನು ಬಲ್ಲ ಕುರಿಗಾಹಿಯು, ಬೆದೆಯ ಕಾಲದಲ್ಲಿ ಹಿಂಡಿಗೆ ‘ನಿರೋಧಕ’ವನ್ನು ತಿನ್ನಿಸೆಂದರೆ ಅಂಜದಿರುವನೇ?

ವಸ್ತುಸ್ಥಿತಿಯಾದರೋ ಇದಕ್ಕೆ ವಿರುದ್ಧವಾದುದು. 1922ರಲ್ಲಿ ಇವಾನ್ಸ್ ಮತ್ತು ಬಿಷಪ್ ಎಂಬವರು ‘ಇ’ ಜೀವಸತ್ವವನ್ನು ಕಂಡುದೇ ಇಲಿಗಳ ಗರ್ಭವು ನಿಲ್ಲಲು ಅವಶ್ಯವಾದ ದ್ರವ್ಯವೆಂದು. ಅದರ ‘ಟೊಕೊಫೆರಾಲ್’ ಎಂಬ ಹೆಸರಿನಲ್ಲಿ ಹೆರಿಗೆಯನ್ನು ಹೇಳುವ ಗ್ರೀಕ್ ಶಬ್ದವೇ ಅಡಗಿದೆ. ಟಗರು-ಹೋತಗಳ ವೀರ್ಯಾಣುವಿನ ಪೊರೆಯಲ್ಲಿ ಉತ್ಕರ್ಷಣಕ್ಕೆ ಬೇಗನೆ ತುತ್ತಾಗುವ ಕೊಬ್ಬು ವಿಶೇಷವಾಗಿರುವುದು. ಅದನ್ನು ಈ ಸತ್ವವು ಕಾಯುವುದು.

ಮೇಲಾಗಿ, ನಿರೋಧವೆಂದರೆ ಪೂರ್ಣವಾದ ತಡೆ. ಆದರೆ ಅಂಡದೊಡನೆ ಕೂಡುವ ಯೋಗ್ಯತೆಯನ್ನು ಪಡೆಯಲು ವೀರ್ಯಾಣುವಿಗೆ ಅಲ್ಪವಾದ ಉತ್ಕರ್ಷಣವು ಬೇಕೇ ಬೇಕು. ಸೆಲೆನಿಯಂ ಕೊರತೆಯಾದರೆ ಕುರಿಮರಿಗಳಿಗೆ ಸ್ನಾಯುರೋಗ ಬರುವುದು. ಮಿತಿಮೀರಿದರೆ ಅದೇ ವಿಷವಾಗುವುದು. ‘ನಿರೋಧಕ’ವೆಂಬ ಪದವೋ ಹೆಚ್ಚಿದಷ್ಟೂ ಲೇಸೆಂಬ ಭ್ರಾಂತಿಯನ್ನು ಹುಟ್ಟಿಸುವುದು.

ಆದುದರಿಂದ ‘ಉತ್ಕರ್ಷಣನಿಯಾಮಕ’ವೆಂಬುದು ಯುಕ್ತತರವಾಗಿ ತೋರುತ್ತದೆ. ಇದರಲ್ಲಿ ಅಂಕೆಯ ಅರ್ಥವೂ ಉಳಿಯುವುದು, ಮಿತಿಯ ಅರ್ಥವೂ ಕೂಡುವುದು. ಕುರಿಗಾಹಿಯೊಡನೆ ಮಾತಾಡುವಾಗ ‘ಕಾಪಿನ ಸತ್ವ’ವೆಂದರೆ ಸಾಕು. ಶಾಸ್ತ್ರಪದವು ಶಾಸ್ತ್ರವನ್ನು ಮೀರಬಾರದು. ಕೇಳುವವನನ್ನು ದಾರಿ ತಪ್ಪಿಸಲೂ ಬಾರದು. ವಿದ್ವಾಂಸರು ಪರಾಮರ್ಶಿಸಬೇಕು.